ಹೊಗೆ ಕೂರಿಸುವ ಮುನ್ನ ಹೊಗೆಯ ಹಿಂದೆ ನೋಡಿ: ಯಾವ ಚಿತ್ರಕ್ಕೆ ಯಾವ ವಿಧಾನ

ಫೋಟೋಗೆ ಹೊಗೆ ಸೇರಿಸುವುದು ಹೇಗೆ ಎಂದು ಯಾರನ್ನು ಕೇಳಿದರೂ ಬರುವ ಉತ್ತರ ಒಂದೇ: ಕಪ್ಪು ಹಿನ್ನೆಲೆಯ ಹೊಗೆಯ ಚಿತ್ರವೊಂದನ್ನು ಇಳಿಸಿಕೊಳ್ಳಿ, ಫೋಟೋಶಾಪ್‌ನಂಥ ತಂತ್ರಾಂಶದಲ್ಲಿ ಫೋಟೋದ ಮೇಲಿನ ಲೇಯರ್‌ನಲ್ಲಿ (ಪದರದಲ್ಲಿ) ಇಡಿ, ಪದರಗಳು ಬೆರೆಯುವ ರೀತಿಯನ್ನು, ಅಂದರೆ ಬ್ಲೆಂಡಿಂಗ್ ಮೋಡ್ ಅನ್ನು ‘ಸ್ಕ್ರೀನ್’ಗೆ ಬದಲಿಸಿ, ಮುಗಿಯಿತು. ಕೆಲವು ಚಿತ್ರಗಳ ಮಟ್ಟಿಗೆ ಇದು ಸರಿಯಾದ ಸಲಹೆ. ಉಳಿದವುಗಳಲ್ಲಿ ಹೊಗೆ ಹೊಗೆಯಂತೆ ಕಾಣದೆ, ಸೀಮೆಸುಣ್ಣದ ಕೈಯನ್ನು ಯಾರೋ ಗಾಜಿಗೆ ಒರೆಸಿದಂತೆ ಕಾಣುತ್ತದೆ. ಆಗ ಎಲ್ಲರೂ ಹೊಗೆಯ ಆಕಾರವನ್ನು ದೂರುತ್ತಾರೆ, ಬೇರೆ ಹೊಗೆ ಹುಡುಕುತ್ತಾ ಸಂಜೆ ಮಾಡುತ್ತಾರೆ. ಆಕಾರದ ತಪ್ಪು ಅಪರೂಪ. ಹೊಗೆಯ ಹಿಂದೆ ಏನಿದೆ ಎಂದು ನೋಡದೆ ವಿಧಾನ ಆರಿಸಿಕೊಂಡದ್ದೇ ಸಾಮಾನ್ಯವಾಗಿ ಎಡವಟ್ಟಿಗೆ ಕಾರಣ.

ವಿಧಾನಗಳನ್ನು ಹೋಲಿಸಲು ಒಂದೇ ಚಿತ್ರವನ್ನು ಎದುರಿಗಿಟ್ಟುಕೊಳ್ಳೋಣ. ಮಂಡ್ಯ ಕಡೆಯ ಒಂದು ಆಲೆಮನೆ. ಚಿತ್ರದ ಎಡಭಾಗದಲ್ಲಿ ಮಸಿ ಹಿಡಿದ ಸೂರಿನ ಕೆಳಗಿನ ಕತ್ತಲು, ಬಲಭಾಗದಲ್ಲಿ ತೆರೆದ ಬದಿಯಿಂದ ಕಾಣುವ ಬೆಳಗಿನ ಬಿಳಿ ಆಕಾಶ, ನಡುವೆ ಕಬ್ಬಿನ ಹಾಲಿನ ದೊಡ್ಡ ಕೊಪ್ಪರಿಗೆ, ಹೊರಗೆ ಒಲೆಯ ಚಿಮಣಿ. ಚಿತ್ರ ತೆಗೆದ ಹೊತ್ತಿಗೆ ಒಲೆ ಆರಿತ್ತು. ಬೆಲ್ಲದ ಪೊಟ್ಟಣದ ಮೇಲೆ ಅಚ್ಚಾಗಬೇಕಾದ ಚಿತ್ರಕ್ಕೆ ಕೊಪ್ಪರಿಗೆಯಿಂದ ಆವಿ ಏಳಬೇಕು, ಚಿಮಣಿಯಿಂದ ಹೊಗೆ ಬರಬೇಕು. ಎರಡೂ ಕತ್ತಲನ್ನು ದಾಟಿ ಬೆಳಕಿಗೆ ಬರಬೇಕು. ಹೊಗೆ ಕೂರಿಸುವ ಯಾವುದೇ ವಿಧಾನಕ್ಕೆ ಇದಕ್ಕಿಂತ ಕಠಿಣ ಪರೀಕ್ಷೆ ಬೇಕಿಲ್ಲ.

ಸ್ಕ್ರೀನ್, ಮಲ್ಟಿಪ್ಲೈ: ಬೇಗ ಆಗುವ ಕೆಲಸ, ಅರ್ಧ ಸತ್ಯ

ಸ್ಕ್ರೀನ್ ಮೋಡ್ ಮಾಡುವ ಲೆಕ್ಕ ಸರಳ. ಎರಡೂ ಲೇಯರ್‌ಗಳ ಬಣ್ಣವನ್ನು ತಿರುವುಮುರುವು ಮಾಡಿ, ಗುಣಿಸಿ, ಬಂದದ್ದನ್ನು ಮತ್ತೆ ತಿರುವುತ್ತದೆ. ಕಪ್ಪು ಇದ್ದಲ್ಲಿ ಏನೂ ಆಗುವುದಿಲ್ಲ, ಬಿಳಿ ಇದ್ದಲ್ಲಿ ಬಿಳಿಯೇ ಉಳಿಯುತ್ತದೆ. ಅದಕ್ಕೇ ಹೊಗೆಯ ಚಿತ್ರದ ಕಪ್ಪು ಹಿನ್ನೆಲೆ ತಾನಾಗಿ ಮಾಯವಾಗುತ್ತದೆ. ಈ ಲೆಕ್ಕವನ್ನು ಬಿಡಿಸಿ ಬರೆದರೆ ಇನ್ನೊಂದು ವಿಷಯ ಹೊರಬೀಳುತ್ತದೆ, ಇದನ್ನು ಹೇಳುವವರು ಕಡಿಮೆ. ಬೂದು ಬಣ್ಣದ ಹೊಗೆಯನ್ನು ಸ್ಕ್ರೀನ್‌ನಲ್ಲಿ ಇಡುವುದೂ ಅಪ್ಪಟ ಬಿಳಿ ಬಣ್ಣವನ್ನು ಅಷ್ಟೇ ಪ್ರಮಾಣದ ಅಪಾರದರ್ಶಕತೆಯೊಂದಿಗೆ (ಅಪಾಸಿಟಿ) ಬಳಿಯುವುದೂ ಲೆಕ್ಕದಲ್ಲಿ ಒಂದೇ. ಅಂದರೆ ಸ್ಕ್ರೀನ್‌ಗೆ ಗೊತ್ತಿರುವುದು ಒಂದೇ ಹೊಗೆ: ಸುಣ್ಣದಷ್ಟು ಬಿಳಿಯದು.

ಆಲೆಮನೆಯ ಚಿತ್ರದ ಮೇಲೆ ಅಂಕಿಗಳನ್ನೇ ಇಟ್ಟು ನೋಡಿ. ಸೊನ್ನೆ ಎಂದರೆ ಅಪ್ಪಟ ಕಪ್ಪು, 255 ಎಂದರೆ ಅಪ್ಪಟ ಬಿಳಿ. ಸೂರಿನ ಕೆಳಗಿನ ಕತ್ತಲಿನ ಮೌಲ್ಯ 255ಕ್ಕೆ 30 ಎಂದುಕೊಳ್ಳಿ, ಆಕಾಶದ್ದು 200. ಹೊಗೆಯ ಮೌಲ್ಯ 128. ಸ್ಕ್ರೀನ್‌ನಲ್ಲಿ ಕತ್ತಲು 30ರಿಂದ 143ಕ್ಕೆ ಏರುತ್ತದೆ, ಹೊಗೆ ಢಾಳಾಗಿ ಎದ್ದು ಕಾಣುತ್ತದೆ. ಆಕಾಶ 200ರಿಂದ 228ಕ್ಕೆ ಏರುತ್ತದೆ ಅಷ್ಟೇ, ಅಲ್ಲಿ ಹೊಗೆ ಇದೆಯೋ ಇಲ್ಲವೋ ತಿಳಿಯುವುದಿಲ್ಲ. ಅದೇ ಹೊಗೆ, ಅದೇ ದಟ್ಟಣೆ. ಸೂರಿನ ಅಂಚಿಗೆ ಬಂದ ಕೂಡಲೇ ಕತ್ತರಿಸಿ ಹಾಕಿದಂತೆ ನಿಂತುಹೋಗುತ್ತದೆ. ನಿಜವಾದ ಹೊಗೆ ಹೀಗೆ ನಡೆದುಕೊಳ್ಳುವುದಿಲ್ಲ. ಚಿಮಣಿಯ ಹೊಗೆ ಮರಗಳ ಎದುರಿಗೆ ತಿಳಿಯಾಗಿ ಕಂಡರೆ ಆಕಾಶದ ಎದುರಿಗೆ ಬಂದಾಗ ಕಪ್ಪಗೆ ಕಾಣುತ್ತದೆ. ಹೊಗೆ ಬೆಳಕನ್ನು ಚದುರಿಸುವುದರ ಜೊತೆಗೆ ತಡೆಯುತ್ತದೆ ಕೂಡ. ಸ್ಕ್ರೀನ್‌ಗೆ ಚದುರಿಸುವುದು ಗೊತ್ತು, ತಡೆಯುವುದು ಗೊತ್ತಿಲ್ಲ.

ಮಲ್ಟಿಪ್ಲೈ ಇದರ ಕನ್ನಡಿ. ಬಿಳಿ ಹಿನ್ನೆಲೆಯ ಕಪ್ಪು ಹೊಗೆಯನ್ನು ತೆಗೆದುಕೊಂಡು ಕೆಳಗಿನ ಚಿತ್ರದೊಂದಿಗೆ ಗುಣಿಸುತ್ತದೆ, ಬಿಳಿ ಮಾಯವಾಗುತ್ತದೆ. ಇದಕ್ಕೆ ಗೊತ್ತಿರುವುದು ಅಪ್ಪಟ ಕರಿಹೊಗೆ ಮಾತ್ರ. ಟೈರ್ ಸುಡುವ ಹೊಗೆಗೆ, ಹಳೆಯ ಡೀಸೆಲ್ ಲಾರಿಯ ಹೊಗೆಗೆ ಚೆನ್ನ. ಆದರೆ ರಾತ್ರಿಯ ಚಿತ್ರದಲ್ಲಿ ಕತ್ತಲಿನ ಮೇಲೆ ಕತ್ತಲು ಬಿದ್ದು ಏನೂ ಕಾಣದು.

ಹಾಗಾದರೆ ಇವೆರಡನ್ನೂ ಬಿಟ್ಟೇಬಿಡಬೇಕೇ? ಖಂಡಿತ ಇಲ್ಲ. ಹಿನ್ನೆಲೆ ಇಡೀ ಕತ್ತಲಾಗಿದ್ದು, ಹೊಗೆಯ ಮೇಲೆ ಬಲವಾದ ಬೆಳಕು ಬೀಳುತ್ತಿದ್ದರೆ ಸ್ಕ್ರೀನ್‌ನಷ್ಟು ವೇಗದ ದಾರಿ ಇನ್ನೊಂದಿಲ್ಲ. ಕಪ್ಪು ಹಿನ್ನೆಲೆಯ ಮುಂದೆ ಅಗರಬತ್ತಿ, ವೇದಿಕೆಯ ದೀಪದಡಿ ನಿಂತ ಕಲಾವಿದ, ಕತ್ತಲ ಅಡುಗೆಮನೆಯಲ್ಲಿ ಕಿಟಕಿ ಬೆಳಕಿಗೆ ಒಡ್ಡಿಕೊಂಡ ಕಾಫಿ ಲೋಟ: ಇಂಥವುಗಳಿಗೆ ಮಾಸ್ಕ್ (ಲೇಯರ್ ಎಲ್ಲಿ ಕಾಣಬೇಕು, ಎಲ್ಲಿ ಮರೆಯಾಗಬೇಕು ಎಂದು ಹೇಳುವ ಕಪ್ಪು ಬಿಳುಪು ಚಿತ್ರ) ಮಾಡುತ್ತಾ ಕೂರುವುದು ವ್ಯರ್ಥ. ಬಣ್ಣದ ಹೊಗೆ ಬೇಕಾದಾಗಲೂ, ಅಂದರೆ ಮದುವೆ ಮುಂಚಿನ ಫೋಟೋಶೂಟ್‌ಗಳಲ್ಲಿ ಬಳಸುವ ಗುಲಾಬಿ, ನೀಲಿ ಹೊಗೆಯ ಚಿತ್ರ ಕೈಯಲ್ಲಿದ್ದಾಗ, ಅದರ ಬಣ್ಣ ಉಳಿಯಬೇಕೆಂದರೆ ಸ್ಕ್ರೀನ್‌ನಿಂದ ಶುರು ಮಾಡುವುದು ಜಾಣತನ.

ಸ್ಕ್ರೀನ್ ಬಳಸುವವರು ಎಚ್ಚರ ವಹಿಸಬೇಕಾದ ಒಂದು ಅಪಾಯವಿದೆ. ಇಳಿಸಿಕೊಂಡ ಚಿತ್ರದ ಕಪ್ಪು ನಿಜವಾಗಿ ಕಪ್ಪಾಗಿರುವುದಿಲ್ಲ. ಸೊನ್ನೆಯ ಬದಲು 6 ಅಥವಾ 8 ಇರುತ್ತದೆ, ಜೊತೆಗೆ ಜೆಪೆಗ್ ಕುಗ್ಗಿಸುವಾಗ ಉಳಿದ ಚೌಕಾಕಾರದ ಕಲೆಗಳು. ನಿಮ್ಮ ಮಾನಿಟರ್‌ನಲ್ಲಿ ಅದು ಕಾಣುವುದಿಲ್ಲ. ಬೇರೆಯವರ ಮೊಬೈಲ್‌ನಲ್ಲಿ ಹೊಗೆಯ ಸುತ್ತ ಮಂಕಾದ ಆಯತವೊಂದು ನಿಂತಿರುತ್ತದೆ. ಹೊಗೆಯ ಲೇಯರ್‌ಗೆ ಲೆವೆಲ್ಸ್ (ಕಪ್ಪು ಬಿಳುಪಿನ ಮಿತಿ ತಿದ್ದುವ ಸಾಧನ) ಹಾಕಿ ಕಪ್ಪಿನ ಬಿಂದುವನ್ನು ಸ್ವಲ್ಪ ಒಳಗೆ ತಳ್ಳಿ. ಆಮೇಲೆ ಎಲ್ಲಕ್ಕಿಂತ ಮೇಲೆ ಒಂದು ಕರ್ವ್ಸ್ ಲೇಯರ್ (ಕತ್ತಲು ಬೆಳಕನ್ನು ಗೆರೆ ಬಾಗಿಸಿ ತಿದ್ದುವಂಥದ್ದು) ಇಟ್ಟು, ಕತ್ತಲ ಭಾಗವನ್ನು ವಿಪರೀತ ಎತ್ತಿ ನೋಡಿ. ಅಂಚು ಉಳಿದಿದ್ದರೆ ಆಗ ಕಂಡೇ ಕಾಣುತ್ತದೆ. ನೋಡಿಯಾದ ಮೇಲೆ ಆ ಕರ್ವ್ಸ್ ಅನ್ನು ಅಳಿಸಿಬಿಡಿ.

ಫೋಟೋಶಾಪ್‌ನ ‘ಬ್ಲೆಂಡ್ ಇಫ್’ ಪಟ್ಟಿಯಿಂದಲೂ ಕಪ್ಪನ್ನು ಓಡಿಸಬಹುದು. ಆಲ್ಟ್ ಕೀ ಒತ್ತಿ ಕಪ್ಪು ತ್ರಿಕೋನವನ್ನು ಎರಡಾಗಿ ಸೀಳಿ ಎಳೆದರೆ ಕಪ್ಪಿನಿಂದ ಬೂದಿಗೆ ನಯವಾಗಿ ಇಳಿಯುತ್ತದೆ. ಆದರೆ ತೆಳು ಹೊಗೆಯ ಅಂಚಿನಲ್ಲಿ ಕೊಳಕು ಕಪ್ಪು ಗೆರೆ ಉಳಿಸುತ್ತದೆ. ಗಾಢ ಹಿನ್ನೆಲೆಯಲ್ಲಿ ಅದು ಮರೆಯಾಗಬಹುದು, ಬೆಳಕಿನ ಹಿನ್ನೆಲೆಯಲ್ಲಿ ಮಾನ ಹೋಗುತ್ತದೆ.

ಬಣ್ಣದ ಲೇಯರ್, ಹೊಗೆಯ ಮಾಸ್ಕ್: ನನ್ನ ಮತ ಇದಕ್ಕೇ

ಸ್ಕ್ರೀನ್ ಎಂದರೆ ಬಿಳಿಯ ಬಣ್ಣ ಬಳಿದಂತೆ, ಮಲ್ಟಿಪ್ಲೈ ಎಂದರೆ ಕಪ್ಪು ಬಳಿದಂತೆ ಎಂದಾದರೆ, ಬಣ್ಣವನ್ನು ನಾವೇ ಆರಿಸಿಕೊಂಡರೆ ಆಯಿತಲ್ಲ? ವಿಧಾನ ಇಷ್ಟೇ. ಒಂದು ಸಾಲಿಡ್ ಕಲರ್ ಲೇಯರ್ ಮಾಡಿ. ಅದರ ಮಾಸ್ಕ್‌ನ ಮೇಲೆ ಆಲ್ಟ್ ಒತ್ತಿ ಕ್ಲಿಕ್ಕಿಸಿ ಒಳಹೊಕ್ಕು, ಕಪ್ಪು ಹಿನ್ನೆಲೆಯ ಹೊಗೆಯ ಚಿತ್ರವನ್ನು ಅಲ್ಲಿ ಪೇಸ್ಟ್ ಮಾಡಿ. ಹೊಗೆ ದಟ್ಟವಾಗಿರುವಲ್ಲಿ ಬಣ್ಣ ಮುಚ್ಚುತ್ತದೆ, ತೆಳುವಾಗಿರುವಲ್ಲಿ ಹಿಂದಿನದು ಕಾಣುತ್ತದೆ. ಬ್ಲೆಂಡಿಂಗ್ ಮೋಡ್ ‘ನಾರ್ಮಲ್’ ಆಗಿಯೇ ಇರಲಿ. ಉಚಿತ ತಂತ್ರಾಂಶ ಜಿಂಪ್‌ನಲ್ಲಿ ಇದಕ್ಕೆ ಎರಡು ದಾರಿಗಳಿವೆ: ಮಾಸ್ಕ್ ಸೇರಿಸುವಾಗ ಬೂದುಬಣ್ಣದ ಪ್ರತಿಯನ್ನೇ ಮಾಸ್ಕ್ ಆಗಿಸುವ ಆಯ್ಕೆ ಒಂದು, ‘ಕಲರ್ ಟು ಆಲ್ಫಾ’ ಬಳಸಿ ಕಪ್ಪನ್ನು ಪಾರದರ್ಶಕವಾಗಿಸಿ, ಆ ಪಾರದರ್ಶಕತೆ ಬದಲಾಗದಂತೆ ಆಲ್ಫಾ ಬೀಗ ಹಾಕಿ, ಬೇಕಾದ ಬಣ್ಣ ಬಳಿಯುವುದು ಇನ್ನೊಂದು. ಎರಡನೆಯದು ನನಗೆ ಹೆಚ್ಚು ಇಷ್ಟ, ಏಕೆಂದರೆ ಹೊಗೆಯ ಬುಡಕ್ಕೆ ಒಂದು ಬಣ್ಣ, ತುದಿಗೆ ಇನ್ನೊಂದು ಬಣ್ಣ ಬ್ರಷ್‌ನಿಂದಲೇ ಹಚ್ಚಬಹುದು.

ಈಗ ಅದೇ ಆಲೆಮನೆಗೆ ಹಿಂತಿರುಗಿ. ಹೊಗೆಯ ಬಣ್ಣ 150 ಮೌಲ್ಯದ ಬೂದು, ದಟ್ಟಣೆ ಸುಮಾರು ಅರ್ಧ. ಸೂರಿನ ಕೆಳಗೆ 30 ಇದ್ದದ್ದು 90 ಆಗುತ್ತದೆ, ಹೊಗೆ ತಿಳಿಯಾಗಿ ಕಾಣುತ್ತದೆ. ಆಕಾಶದೆದುರು 200 ಇದ್ದದ್ದು 175ಕ್ಕೆ ಇಳಿಯುತ್ತದೆ, ಅದೇ ಹೊಗೆ ಈಗ ಗಾಢವಾಗಿ ಕಾಣುತ್ತದೆ. ಸೂರಿನ ಅಂಚು ದಾಟುವಾಗ ಹೊಗೆ ತುಂಡಾಗುವುದಿಲ್ಲ, ತಿಳಿಯಿಂದ ಗಾಢಕ್ಕೆ ತಿರುಗಿಕೊಳ್ಳುತ್ತದೆ. ನೋಡುವ ಕಣ್ಣಿಗೆ ಕಾರಣ ಗೊತ್ತಾಗುವುದಿಲ್ಲ, ಆದರೆ ‘ಇದು ಅಲ್ಲೇ ಇತ್ತು’ ಎಂದು ನಂಬುತ್ತದೆ.

ಬಣ್ಣವನ್ನು ಎಲ್ಲಿಂದ ಎತ್ತಬೇಕು? ಚಿತ್ರದಿಂದಲೇ. ಹೊಗೆಗೆ ಸ್ವಂತ ಬಣ್ಣಕ್ಕಿಂತ ಸುತ್ತಲಿನ ಬೆಳಕಿನ ಬಣ್ಣವೇ ಹೆಚ್ಚು. ತೆರೆದ ಆಕಾಶದ ಬೆಳಕಿದ್ದರೆ ಅಲ್ಲಿಂದ ಮಾದರಿ ತೆಗೆದು ಸ್ವಲ್ಪ ಕಂದಿಸಿ. ಒಲೆಯ ಬಾಯಿಯ ಹತ್ತಿರ ಕಿತ್ತಳೆ, ಮೇಲೆ ಹೋದಂತೆ ಬೂದು. ಇನ್ನೊಂದು ಸೂಕ್ಷ್ಮವಿದೆ: ಆಗಷ್ಟೇ ಎದ್ದ ಹೊಗೆಯ ಕಣಗಳು ಬಹಳ ಸಣ್ಣವು, ನೀಲಿ ಬೆಳಕನ್ನು ಹೆಚ್ಚು ಚದುರಿಸುತ್ತವೆ. ಆದ್ದರಿಂದ ಅಗರಬತ್ತಿಯ ಹೊಗೆ ಗಾಢ ಹಿನ್ನೆಲೆಯಲ್ಲಿ ನೀಲಿಯಾಗಿ ಕಾಣುತ್ತದೆ. ಅದೇ ಹೊಗೆಯ ಮೂಲಕ ಕಿಟಕಿಯನ್ನು ನೋಡಿದರೆ ಕಂದು ಹಳದಿ. ಬೀಡಿಯ ತುದಿಯಿಂದ ಏಳುವ ಹೊಗೆ ನೀಲಿ, ಬಾಯಿಂದ ಬಿಟ್ಟದ್ದು ಬೆಳ್ಳಗೆ, ಏಕೆಂದರೆ ಒಳಗಿನ ತೇವ ಸೇರಿ ಕಣಗಳು ದೊಡ್ಡವಾಗಿರುತ್ತವೆ. ಆವಿಯಂತೂ ನೀರಿನ ಹನಿಗಳೇ, ಅದಕ್ಕೆ ನೀಲಿ ಕೊಟ್ಟರೆ ಕೆಟ್ಟಿತು.

ಆಲೆಮನೆಯಲ್ಲಿ ಈ ವ್ಯತ್ಯಾಸವೇ ಚಿತ್ರವನ್ನು ಉಳಿಸುತ್ತದೆ. ಕೊಪ್ಪರಿಗೆಯ ಆವಿಗೂ ಚಿಮಣಿಯ ಹೊಗೆಗೂ ಒಂದೇ ಚಿತ್ರವನ್ನು ಎರಡು ಕಡೆ ಹಚ್ಚುವವರಿದ್ದಾರೆ. ಆವಿ ಬೆಳ್ಳಗೆ, ಅಗಲವಾಗಿ, ಇಡೀ ಮೇಲ್ಮೈಯಿಂದ ಏಳುತ್ತದೆ. ಸ್ವಲ್ಪ ಮೇಲೆ ಹೋಗುವಷ್ಟರಲ್ಲಿ ಒಣಗಿ ಕಾಣೆಯಾಗುತ್ತದೆ. ಒಣ ಕಬ್ಬಿನ ಸಿಪ್ಪೆ ಉರಿಯುವ ಹೊಗೆ ಒಂದು ಬಾಯಿಂದ ಹೊರಟು, ಗಾಳಿ ಕರೆದತ್ತ ಬಾಗಿ, ದೂರದವರೆಗೂ ಉಳಿಯುತ್ತದೆ. ಆವಿಯ ಮಾಸ್ಕ್ ಮೇಲ್ತುದಿಯಲ್ಲಿ ಬೇಗ ಕರಗಬೇಕು, ಹೊಗೆಯದು ಹರಡುತ್ತಾ ತೆಳುವಾಗಬೇಕು. ಎರಡಕ್ಕೂ ಬೇರೆ ಬೇರೆ ಬಣ್ಣದ ಲೇಯರ್ ಇರಲಿ.

ಈ ವಿಧಾನದ ತೊಂದರೆ ಎಂದರೆ ಸಮಯ, ಮತ್ತೆ ಹೊಗೆಯೊಳಗಿನ ನೆಳಲು ಬೆಳಕು ಸಪಾಟಾಗುವುದು. ಒಂದೇ ಬಣ್ಣ ಬಳಿದಾಗ ದಟ್ಟ ಹೊಗೆಗೆ ದಪ್ಪವೇ ಇರುವುದಿಲ್ಲ. ಪರಿಹಾರವಾಗಿ, ಅದೇ ಹೊಗೆಯ ಚಿತ್ರವನ್ನು ಮೇಲೆ ಕ್ಲಿಪ್ ಮಾಡಿ (ಕೆಳಗಿನ ಲೇಯರ್‌ನ ಆಕಾರದೊಳಗಷ್ಟೇ ಕಾಣುವಂತೆ) ‘ಸಾಫ್ಟ್ ಲೈಟ್’ ಮೋಡ್‌ನಲ್ಲಿ ಕಡಿಮೆ ಅಪಾಸಿಟಿಯಲ್ಲಿಟ್ಟರೆ ಉಬ್ಬುತಗ್ಗು ಮರಳುತ್ತದೆ. ಅಗರಬತ್ತಿಯಂಥ ತೆಳು ಹೊಗೆಗೆ ಇದರ ಅಗತ್ಯವೇ ಬೀಳುವುದಿಲ್ಲ.

ಹೊಗೆ ಎಲ್ಲಿಂದ ತರುವುದು

ಕೂರಿಸುವ ವಿಧಾನ ಒಂದು ಆಯ್ಕೆ, ಹೊಗೆಯ ಮೂಲ ಇನ್ನೊಂದು. ಎರಡನ್ನೂ ಬೆರೆಸಿ ಗೊಂದಲ ಮಾಡಿಕೊಳ್ಳುವುದು ಬೇಡ. ಯಾವ ಮೂಲದ ಹೊಗೆಯನ್ನೂ ಮಾಸ್ಕ್ ಮಾಡಬಹುದು.

ನಾವೇ ತೆಗೆದ ಹೊಗೆ ಎಲ್ಲಕ್ಕಿಂತ ಉತ್ತಮ, ಅಗ್ಗವೂ ಹೌದು. ಮೈಸೂರು ಅಗರಬತ್ತಿಗೆ ಭೌಗೋಳಿಕ ಸೂಚಕದ ಮಾನ್ಯತೆ ಇರುವ ನಾಡಿನಲ್ಲಿ ಹೊಗೆಗಾಗಿ ದುಡ್ಡು ಕೊಡುವುದು ನನಗಂತೂ ಸರಿಕಾಣುವುದಿಲ್ಲ. ಕೋಣೆ ಕತ್ತಲಾಗಿರಲಿ, ಫ್ಯಾನ್ ನಿಂತಿರಲಿ. ಹಿಂದೆ ಕಪ್ಪು ಬಟ್ಟೆ, ವೆಲ್ವೆಟ್ ಆದರೆ ಇನ್ನೂ ಒಳ್ಳೆಯದು. ಬಟ್ಟೆಗೂ ಅಗರಬತ್ತಿಗೂ ನಡುವೆ ಒಂದು ಮೀಟರ್‌ನಷ್ಟಾದರೂ ಅಂತರ. ಬೆಳಕು ಬದಿಯಿಂದ, ಸ್ವಲ್ಪ ಹಿಂದಿನಿಂದ ಬರಲಿ, ಏಕೆಂದರೆ ಹೊಗೆ ತನ್ನ ಮೇಲೆ ಬಿದ್ದ ಬೆಳಕಿನ ಹೆಚ್ಚು ಪಾಲನ್ನು ಮುಂದಕ್ಕೇ ಚದುರಿಸುತ್ತದೆ. ಕ್ಯಾಮೆರಾದ ಮೇಲಿನ ಫ್ಲ್ಯಾಶ್ ಹೊಡೆದರೆ ಹೊಗೆ ಸತ್ತಂತೆ ಕಾಣುತ್ತದೆ, ಹಿಂದಿನ ಬಟ್ಟೆಯ ಧೂಳೆಲ್ಲ ಎದ್ದು ಬರುತ್ತದೆ. ಬದಿಯ ಬೆಳಕು ಬಟ್ಟೆಗಾಗಲಿ ಲೆನ್ಸ್‌ಗಾಗಲಿ ತಾಗದಂತೆ ರಟ್ಟು ಅಡ್ಡ ಇಡಿ. ಫೋಕಸ್ ಅನ್ನು ಬತ್ತಿಯ ತುದಿಯ ಮೇಲೆ ಕೈಯಿಂದಲೇ ನಿಲ್ಲಿಸಿ, ಲೆನ್ಸ್‌ನ ತೆರಪು ಎಫ್/8ರ ಆಸುಪಾಸು, ಐಎಸ್‌ಒ 200ರಿಂದ 400, ಬದಿಯಲ್ಲಿಟ್ಟ ಫ್ಲ್ಯಾಶ್ ಜೊತೆ 1/200 ಸೆಕೆಂಡ್‌ನಿಂದ ಆರಂಭಿಸಿ. ಹೊಗೆ ಒಂದು ಗೇಣಿನಷ್ಟು ನೇರವಾಗಿ ಏರಿ ಆಮೇಲೆ ಸುರುಳಿ ಬಿಚ್ಚುತ್ತದೆ. ನೇರ ಭಾಗವನ್ನೂ ಸುರುಳಿಯನ್ನೂ ಬೇರೆ ಬೇರೆ ತೆಗೆದುಕೊಂಡರೆ ಆಮೇಲೆ ಜೋಡಿಸಲು ಅನುಕೂಲ. ದಟ್ಟ ಹೊಗೆ ಬೇಕಾದರೆ ಕೆಂಡದ ಮೇಲೆ ಸಾಂಬ್ರಾಣಿ. ಕಿಟಕಿಯನ್ನು ಆಗಾಗ ತೆರೆಯಿರಿ. ಕೋಣೆಯಲ್ಲಿ ಹೊಗೆ ತುಂಬಿದರೆ ಕಪ್ಪು ಹಿನ್ನೆಲೆಯೇ ಬೂದಾಗುತ್ತದೆ, ಶ್ವಾಸಕೋಶದ ಮಾತು ಹಾಗಿರಲಿ.

ಇದರ ಮಿತಿ ಗಾತ್ರ. ಅಗರಬತ್ತಿಯ ಹೊಗೆಯಲ್ಲಿ ನೂಲಿನಂಥ ಎಳೆಗಳಿರುತ್ತವೆ. ಅದನ್ನು ಹಿಗ್ಗಿಸಿ ಚಿಮಣಿಗೆ ಹಚ್ಚಿದರೆ ಚಿಮಣಿಯೇ ಆಟಿಕೆಯಾಗಿಬಿಡುತ್ತದೆ. ದೊಡ್ಡ ಹೊಗೆಗೆ ಎಳೆಗಳಿರುವುದಿಲ್ಲ, ಉಬ್ಬುಬ್ಬಾದ ಗುಡ್ಡೆಗಳಿರುತ್ತವೆ, ಅಂಚು ಗಟ್ಟಿಯಾಗಿರುತ್ತದೆ. ಆಲೆಮನೆಯ ಚಿಮಣಿಗೆ ಬೇಕಾದದ್ದು ಬಯಲಿನಲ್ಲಿ ಕಸ ಸುಡುವಾಗಲೋ ಇಟ್ಟಿಗೆ ಗೂಡಿನ ಬಳಿಯೋ ತೆಗೆದ ಹೊಗೆ. ಅದು ಕಪ್ಪು ಹಿನ್ನೆಲೆಯಲ್ಲಿ ಸಿಗುವುದಿಲ್ಲ, ಆಕಾಶದ ಎದುರು ಸಿಗುತ್ತದೆ. ತೊಂದರೆಯಿಲ್ಲ: ಆಕಾಶ ಸಮನಾಗಿದ್ದರೆ, ಕೆಂಪು, ಹಸಿರು, ನೀಲಿ ಎಂಬ ಮೂರು ಬಣ್ಣದ ಚಾನೆಲ್‌ಗಳಲ್ಲಿ ಯಾವುದರಲ್ಲಿ ಹೊಗೆಗೂ ಆಕಾಶಕ್ಕೂ ಹೆಚ್ಚು ಅಂತರವಿದೆಯೋ ಅದನ್ನು ನಕಲು ಮಾಡಿ, ತಿರುವಿ, ಲೆವೆಲ್ಸ್‌ನಲ್ಲಿ ಎಳೆದು ಮಾಸ್ಕ್ ಮಾಡಿಕೊಳ್ಳಿ. ನೀಲಿ ಆಕಾಶವಾದರೆ ನೀಲಿ ಚಾನೆಲ್ ಮೊದಲು ನೋಡಿ, ಕರಿ ಹೊಗೆ ಅಲ್ಲಿ ಚೆನ್ನಾಗಿ ಬೇರ್ಪಡುತ್ತದೆ.

ಸಿದ್ಧ ಹೊಗೆಯ ಚಿತ್ರಗಳು ಎರಡನೇ ಆಯ್ಕೆ. ಅನುಕೂಲ ಗೊತ್ತೇ ಇದೆ. ಅನನುಕೂಲವೆಂದರೆ ಬೆಳಕು ಎಲ್ಲಿಂದ ಬಿದ್ದಿದೆ ಎಂಬುದು ನಿಮ್ಮ ಕೈಯಲ್ಲಿಲ್ಲ. ಎಡ ಬಲ ತಿರುಗಿಸಿದರೆ ಅರ್ಧ ಸಮಸ್ಯೆ ಪರಿಹಾರ. ಮೇಲಿನಿಂದ ಬೆಳಕು ಬಿದ್ದ ಹೊಗೆಯನ್ನು ಒಲೆಯ ಬೆಂಕಿಯ ಮೇಲೆ ಇಟ್ಟರೆ ಯಾವ ಉಪಾಯವೂ ಕೈಹಿಡಿಯುವುದಿಲ್ಲ. ‘ಪಾರದರ್ಶಕ ಪಿಎನ್‌ಜಿ’ ಎಂದು ಕೊಡುವ ಹೊಗೆಗಳಲ್ಲಿ ಹಲವು ಅಂಚಿನಲ್ಲಿ ಬಿಳಿ ಅಥವಾ ಕಪ್ಪು ಗೆರೆ ಹೊತ್ತಿರುತ್ತವೆ. ನಾನಂತೂ ಕಪ್ಪು ಹಿನ್ನೆಲೆಯದನ್ನೇ ಆರಿಸುತ್ತೇನೆ. ಬಳಕೆಯ ಪರವಾನಗಿ ಓದಿಕೊಳ್ಳಿ, ಪೊಟ್ಟಣದ ಮೇಲಿನ ಚಿತ್ರ ವಾಣಿಜ್ಯ ಬಳಕೆ.

ಹೊಗೆ ಬ್ರಷ್‌ಗಳ ಬಗ್ಗೆ ನನ್ನ ಅಭಿಪ್ರಾಯ ಒರಟು: ಇಡೀ ಹೊಗೆಗೆ ಬೇಡ, ತೇಪೆಗೆ ಇರಲಿ. ಬ್ರಷ್ ಎಂದರೆ ಮುದ್ರೆ. ಎರಡು ಬಾರಿ ಒತ್ತಿದರೆ ಎರಡೂ ಕಡೆ ಅದೇ ಸುಳಿ. ಮನುಷ್ಯರ ಕಣ್ಣು ಪುನರಾವರ್ತನೆಯನ್ನು ಹಿಡಿಯುವಷ್ಟು ಚುರುಕಾಗಿ ಬೇರೇನನ್ನೂ ಹಿಡಿಯುವುದಿಲ್ಲ. 2006ರ ಆಗಸ್ಟ್‌ನಲ್ಲಿ ಲೆಬನಾನ್ ಯುದ್ಧದ ಹೊತ್ತಿನಲ್ಲಿ ರಾಯಿಟರ್ಸ್ ಸುದ್ದಿಸಂಸ್ಥೆ ಬೈರೂತ್‌ನ ಒಂದು ಚಿತ್ರವನ್ನು ಹಿಂತೆಗೆದುಕೊಂಡದ್ದು ಇದೇ ಕಾರಣಕ್ಕೆ. ವೈಮಾನಿಕ ದಾಳಿಯ ನಂತರದ ಹೊಗೆಯನ್ನು ಕ್ಲೋನ್ ಮಾಡಿ, ಅಂದರೆ ಅದೇ ಭಾಗವನ್ನು ಪಕ್ಕಕ್ಕೆ ನಕಲಿಸಿ ಹೆಚ್ಚಿಸಲಾಗಿತ್ತು. ಒಂದೇ ಆಕಾರದ ಉಬ್ಬುಗಳು ಸಾಲಾಗಿ ನಿಂತದ್ದನ್ನು ಅಂತರ್ಜಾಲದ ಸಾಮಾನ್ಯ ಓದುಗರೇ ಪತ್ತೆಹಚ್ಚಿದರು. ಸಂಸ್ಥೆ ಆ ಫ್ರೀಲ್ಯಾನ್ಸ್ ಛಾಯಾಗ್ರಾಹಕನೊಂದಿಗಿನ ಸಂಬಂಧ ಕಡಿದುಕೊಂಡು, ಆತನ 900ಕ್ಕೂ ಹೆಚ್ಚು ಚಿತ್ರಗಳನ್ನು ಮಾರಾಟದಿಂದ ತೆಗೆಯಿತು. ಸುದ್ದಿ ಚಿತ್ರದಲ್ಲಿ ಹೊಗೆ ಸೇರಿಸುವುದು ಯಾವ ವಿಧಾನದಿಂದಲೂ ತಪ್ಪು, ಅದರಲ್ಲಿ ಹೋಲಿಸುವುದಕ್ಕೆ ಏನೂ ಇಲ್ಲ. ಜಾಹೀರಾತು, ಪೋಸ್ಟರ್, ಕಲಾಚಿತ್ರಗಳಲ್ಲಿ ಸೇರಿಸಬಹುದು, ಆದರೆ ಅಲ್ಲಿಯೂ ಕ್ಲೋನ್ ಸ್ಟಾಂಪ್‌ನಿಂದ ಹೊಗೆ ಬೆಳೆಸಬೇಡಿ. ಒಂದೇ ಹೊಗೆಯನ್ನು ಎರಡು ಕಡೆ ಬಳಸಲೇಬೇಕಾದರೆ ತಿರುಗಿಸಿ, ಗಾತ್ರ ಬದಲಿಸಿ, ವಾರ್ಪ್‌ನಿಂದ ಬಾಗಿಸಿ, ಅರ್ಧ ಅಳಿಸಿ. ಮೂಲದ ಗುರುತು ನಿಮಗೇ ಸಿಗಬಾರದು.

ಬ್ಲೆಂಡರ್ ಎಂಬ ಮೂರು ಆಯಾಮದ ಚಿತ್ರ ತಂತ್ರಾಂಶದಲ್ಲಿ ಹೊಗೆಯನ್ನೇ ಹುಟ್ಟಿಸುವುದು ಸಾಧ್ಯ. 2020ರಲ್ಲಿ ಬಂದ 2.82 ಆವೃತ್ತಿಯಿಂದ ಅದರಲ್ಲಿ ಮಂಟಾಫ್ಲೋ ಎಂಬ ದ್ರವ ಅನಿಲಗಳ ಸಿಮ್ಯುಲೇಷನ್ ಇದೆ, ‘ಕ್ವಿಕ್ ಸ್ಮೋಕ್’ ಒತ್ತಿದರೆ ಒಂದು ಪೆಟ್ಟಿಗೆಯೊಳಗೆ ಹೊಗೆ ಏಳುತ್ತದೆ. ಪೂರ್ವನಿಯೋಜಿತ ರೆಸಲ್ಯೂಷನ್ 32, ಅದರಲ್ಲಿ ಬರುವುದು ಹೊಗೆಯಲ್ಲ, ಉಂಡೆ. ಹೆಚ್ಚಿಸಿದಂತೆ ಚಂದ, ಹೆಚ್ಚಿಸಿದಂತೆ ಕಂಪ್ಯೂಟರ್ ಏದುಸಿರು. ಬೆಳಕಿನ ದಿಕ್ಕು, ಗಾಳಿ, ದಟ್ಟಣೆ, ಗಾತ್ರ ಎಲ್ಲವೂ ನಿಮ್ಮ ಹಿಡಿತದಲ್ಲಿರುತ್ತವೆ, ರೆಂಡರ್‌ನಲ್ಲಿ ‘ಟ್ರಾನ್ಸ್‌ಪರೆಂಟ್’ ಆಯ್ಕೆ ಹಾಕಿದರೆ ಹಿನ್ನೆಲೆ ಪಾರದರ್ಶಕವಾಗಿಯೇ ಹೊರಬರುತ್ತದೆ. ಉಚಿತ ತಂತ್ರಾಂಶ, ಆದರೆ ಕಲಿಯುವ ಶ್ರಮ ಉಚಿತವಲ್ಲ. ಒಂದು ಚಿತ್ರಕ್ಕಾಗಿ ಕಲಿಯಬೇಡಿ. ವರ್ಷವಿಡೀ ಪೋಸ್ಟರ್ ಮಾಡುವವರಾದರೆ ಕಲಿಯಿರಿ.

ಇನ್ನು ಎಐ. ಫೋಟೋಶಾಪ್‌ಗೆ 2023ರಲ್ಲಿ ‘ಜನರೇಟಿವ್ ಫಿಲ್’ ಬಂದ ಮೇಲೆ ಹೊಗೆ ಬೇಕಾದ ಜಾಗವನ್ನು ಗುರುತಿಸಿ ‘ಹೊಗೆ’ ಎಂದು ಬರೆದರೆ ಸಾಕು ಎಂಬ ಮಾತು ಹರಡಿದೆ. ಬರುವ ಹೊಗೆ ಬಹುತೇಕ ಚೆನ್ನಾಗಿಯೇ ಇರುತ್ತದೆ, ಸುತ್ತಲಿನ ಬೆಳಕಿಗೆ ಹೊಂದಿಕೊಂಡಿರುತ್ತದೆ. ತೊಂದರೆ ಹೊಗೆಯಲ್ಲಿಲ್ಲ, ಹೊಗೆಯ ಹಿಂದೆ. ಅದು ಪಾರದರ್ಶಕ ಹೊಗೆಯನ್ನು ಮೇಲೆ ಇಡುವುದಿಲ್ಲ, ಗುರುತಿಸಿದ ಜಾಗವನ್ನೆಲ್ಲ ಹೊಸದಾಗಿ ಬರೆಯುತ್ತದೆ. ಆಲೆಮನೆಯಲ್ಲಿ ಹೊಗೆಯ ಹಿಂದಿದ್ದ ಹೆಂಚುಗಳ ಸಾಲು ಬದಲಾಗುತ್ತದೆ, ಕೊಪ್ಪರಿಗೆಯ ಅಂಚು ಸೊಟ್ಟಗಾಗುತ್ತದೆ, ಆಚೆ ನಿಂತ ಕೆಲಸಗಾರನ ಮುಖ ಬೇರೆ ಯಾರದೋ ಆಗುತ್ತದೆ. ದೊಡ್ಡ ಜಾಗವನ್ನು ಒಮ್ಮೆಗೇ ತುಂಬಿಸಿದರೆ ವಿವರವೂ ಮೆತ್ತಗಾಗುತ್ತದೆ. ಹೊಗೆಯನ್ನು ಇನ್ನಷ್ಟು ತೆಳು ಮಾಡೋಣ ಎಂದು ಅಪಾಸಿಟಿ ಇಳಿಸಿದರೆ ಹಳೆಯ ಹೆಂಚೂ ಹೊಸ ಹೆಂಚೂ ಒಟ್ಟಿಗೆ ಕಾಣುತ್ತವೆ.

ಇದನ್ನು ತಪ್ಪಿಸಲು ಒಂದು ದಾರಿಯಿದೆ. ಚಿತ್ರದ ಮೇಲೆ ಕೇಳುವ ಬದಲು, ಖಾಲಿ ಕಪ್ಪು ಕಡತದಲ್ಲಿ ಕೇಳಿ: ಕಪ್ಪು ಹಿನ್ನೆಲೆ, ಬಲದಿಂದ ಬೆಳಕು, ಚಿಮಣಿಯ ದಟ್ಟ ಹೊಗೆ. ಬಂದದ್ದನ್ನು ಮಾಸ್ಕ್ ವಿಧಾನದಲ್ಲಿ ಕೂರಿಸಿ. ಆಗ ಎಐ ಹೊಗೆಯ ಮೂಲ ಮಾತ್ರ, ಕೂರಿಸುವವರು ನೀವೇ. ಕೆಳಗಿನ ಚಿತ್ರದ ಒಂದು ಪಿಕ್ಸೆಲ್ ಕೂಡ ಬದಲಾಗುವುದಿಲ್ಲ. ಗಿರಾಕಿ ನಾಳೆ ‘ಹೊಗೆ ಸ್ವಲ್ಪ ಕಡಿಮೆ ಮಾಡಿ’ ಎಂದಾಗ ಈ ವ್ಯವಸ್ಥೆಯ ಬೆಲೆ ತಿಳಿಯುತ್ತದೆ. ಗಿರಾಕಿ ಹಾಗೆ ಹೇಳದೇ ಇರುವುದಿಲ್ಲ.

ಕೂರಿಸಿದ ಮೇಲೆ ಉಳಿಯುವ ಕೆಲಸ

ಯಾವ ವಿಧಾನ ಹಿಡಿದರೂ ಇಲ್ಲಿಗೆ ಬರಲೇಬೇಕು. ಮೊದಲನೆಯದು ಆಳ. ಹೊಗೆ ಒಂದೇ ಹಾಳೆಯಂತೆ ಎಲ್ಲದರ ಮುಂದೆ ನಿಂತರೆ ಯಾವ ಬಣ್ಣವೂ ಅದನ್ನು ಕಾಪಾಡದು. ಎರಡು ಲೇಯರ್ ಮಾಡಿ: ಹೆಚ್ಚಿನ ಪಾಲು ವ್ಯಕ್ತಿಯ ಹಿಂದೆ, ಒಂದೆರಡು ತೆಳು ಎಳೆಗಳು ಮುಂದೆ, ಮೊಣಕೈಯ ಮೇಲೋ ಪೇಟದ ಅಂಚಿನ ಮೇಲೋ ಹಾದುಹೋಗುವಂತೆ. ಆ ಒಂದೆರಡು ಎಳೆಗಳೇ ವ್ಯಕ್ತಿಯನ್ನು ಹೊಗೆಯೊಳಗೆ ನಿಲ್ಲಿಸುತ್ತವೆ. ಆದರೆ ಕಣ್ಣಿನ ಮೇಲೆ ಎಳೆ ಬರದಂತೆ ನೋಡಿಕೊಳ್ಳಿ.

ಹೊಗೆಯ ಹಿಂದಿರುವುದನ್ನು ಗಾಸಿಯನ್ ಬ್ಲರ್‌ನಿಂದ ಮಸುಕಾಗಿಸಿ ಎಂಬ ಸಲಹೆ ಎಲ್ಲೆಡೆ ಕಾಣುತ್ತದೆ, ನನಗೆ ಒಪ್ಪಿಗೆಯಿಲ್ಲ. ಹೊಗೆಯ ಹಿಂದಿನ ಕಂಬದ ಅಂಚು ಹೆಚ್ಚು ಮಸುಕಾಗುವುದಿಲ್ಲ, ಅದರ ಕಪ್ಪು ಕಂದುತ್ತದೆ, ಬಣ್ಣ ಇಳಿಯುತ್ತದೆ. ಆದ್ದರಿಂದ ಕರ್ವ್ಸ್‌ನಲ್ಲಿ ಕಪ್ಪಿನ ತುದಿಯನ್ನು ಸ್ವಲ್ಪ ಮೇಲೆತ್ತಿ, ಸ್ಯಾಚುರೇಷನ್ ಸ್ವಲ್ಪ ಇಳಿಸಿ, ಅದೇ ಹೊಗೆಯ ಮಾಸ್ಕ್ ಬಳಸಿ. ಬೆಂಕಿಯ ನೇರ ಮೇಲೆ ಮಾತ್ರ ಬಿಸಿಗಾಳಿಯಲ್ಲಿ ಗೆರೆಗಳು ನಲುಗುತ್ತವೆ, ಅಲ್ಲಿ ಲಿಕ್ವಿಫೈನಿಂದ ಒಂದಿಷ್ಟು ಅಲುಗಿಸಬಹುದು.

ಗಾಳಿಯ ದಿಕ್ಕನ್ನು ಮರೆಯುವವರು ಬಹಳ. ತೆಂಗಿನ ಗರಿ ಬಲಕ್ಕೆ ಬಾಗಿದ್ದರೆ ಹೊಗೆಯೂ ಬಲಕ್ಕೇ ಹೋಗಬೇಕು. ಒಣಹಾಕಿದ ಬಟ್ಟೆ, ಬಾವುಟ, ಸೆರಗು, ಕೂದಲು ಎಲ್ಲವೂ ಸಾಕ್ಷಿ ಹೇಳುತ್ತವೆ. ಮಲೆನಾಡಿನ ಹೆಂಚಿನ ಮನೆಯ ಚಿತ್ರವಾದರೆ ಇನ್ನೊಂದು ಎಚ್ಚರ: ಅಲ್ಲಿ ಬಚ್ಚಲೊಲೆಯ ಹೊಗೆ ಹೆಂಚಿನ ಸಂದುಗಳಿಂದ ಸೋರಿ ಬರುತ್ತದೆ, ಚಳಿಯ ಬೆಳಗಿನಲ್ಲಿ ಮೇಲೇರದೆ ಮಾಡಿನ ಮಟ್ಟದಲ್ಲೇ ಹರಡಿಕೊಳ್ಳುತ್ತದೆ. ಇಲ್ಲದ ಚಿಮಣಿಯಿಂದ ಗೋಪುರದಂಥ ಹೊಗೆ ಎಬ್ಬಿಸಿದರೆ ಊರಿನವರು ನಗುತ್ತಾರೆ. ಹಾಗೆಯೇ ಮದುವೆ ಮಂಟಪದ ವೇದಿಕೆಯ ಮೇಲೆ ಹರಿಯುವ ಡ್ರೈ ಐಸ್ ಮಂಜು ನೆಲ ಬಿಟ್ಟು ಏಳುವುದಿಲ್ಲ; ಅದಕ್ಕೆ ಅಗರಬತ್ತಿಯ ಹೊಗೆಯನ್ನು ಅಡ್ಡ ಮಲಗಿಸಿದರೆ ಸಾಲದು.

ಕೊನೆಗೆ ಕಾಳು, ಅಂದರೆ ಫೋಟೋದ ಮೇಲಿನ ಸಣ್ಣ ಚುಕ್ಕೆಗಳಂಥ ನಾಯ್ಸ್. ಫೋಟೋದಲ್ಲಿ ನಾಯ್ಸ್ ಇದ್ದು ಹೊಗೆ ನುಣುಪಾಗಿದ್ದರೆ ಹೊಗೆ ಬೇರೆಯೇ ಎಂದು ಗೊತ್ತಾಗುತ್ತದೆ. ಶೇಕಡಾ ನೂರಕ್ಕೆ ಹಿಗ್ಗಿಸಿ ನೋಡಿ ಅಷ್ಟೇ ನಾಯ್ಸ್ ಹೊಗೆಗೂ ಸೇರಿಸಿ. ಇದರಿಂದ ಇನ್ನೊಂದು ಲಾಭವೂ ಇದೆ: 8 ಬಿಟ್ ಕಡತದಲ್ಲಿ (ಪ್ರತಿ ಬಣ್ಣಕ್ಕೆ 256 ಹಂತಗಳಷ್ಟೇ ಇರುವುದರಿಂದ) ತೆಳು ಹೊಗೆ ಮೆಟ್ಟಿಲು ಮೆಟ್ಟಿಲಾಗಿ ಒಡೆಯುವುದನ್ನು ಈ ಕಾಳು ಮುಚ್ಚುತ್ತದೆ. ಶುರುವಿನಿಂದಲೇ 16 ಬಿಟ್‌ನಲ್ಲಿ ಕೆಲಸ ಮಾಡಿದರೆ ಇನ್ನೂ ನಿಶ್ಚಿಂತೆ.

ಯಾವ ತಂತ್ರಾಂಶ?

ಇದಕ್ಕೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಕಿಲ್ಲ. ಬೇಕಾದದ್ದು ಲೇಯರ್, ಮಾಸ್ಕ್, ಬ್ಲೆಂಡಿಂಗ್ ಮೋಡ್, ಕರ್ವ್ಸ್. ಫೋಟೋಶಾಪ್‌ಗೆ ಚಂದಾ ಕಟ್ಟುತ್ತಿರುವವರು ಅಲ್ಲೇ ಇರಿ. ಕಟ್ಟದವರಿಗೆ ಜಿಂಪ್ ಧಾರಾಳ ಸಾಕು; 2025ರ ಮಾರ್ಚ್‌ನಲ್ಲಿ ಬಂದ 3.0 ಆವೃತ್ತಿಯಲ್ಲಿ ಫಿಲ್ಟರ್‌ಗಳನ್ನು ಹಾಕಿದ ಮೇಲೂ ತಿದ್ದಬಹುದು, ಅದಿಲ್ಲದ್ದೇ ಹಿಂದೆ ದೊಡ್ಡ ಕೊರತೆಯಾಗಿತ್ತು. ಸೈಬರ್ ಸೆಂಟರ್‌ನಲ್ಲೋ ಕಚೇರಿಯ ಕಂಪ್ಯೂಟರ್‌ನಲ್ಲೋ ಏನನ್ನೂ ಇನ್‌ಸ್ಟಾಲ್ ಮಾಡಲಾಗದಿದ್ದರೆ ಬ್ರೌಸರ್‌ನಲ್ಲೇ ನಡೆಯುವ ಫೋಟೋಪಿಯಾ ಇದೆ, ಫೋಟೋಶಾಪ್ ಕಡತಗಳನ್ನೂ ತೆರೆಯುತ್ತದೆ. ಮೊಬೈಲ್‌ನಲ್ಲಿ ಸ್ನ್ಯಾಪ್‌ಸೀಡ್‌ನ ‘ಡಬಲ್ ಎಕ್ಸ್‌ಪೋಶರ್’ ಬಳಸಿ ಹೊಗೆ ಸೇರಿಸಬಹುದು, ಅಲ್ಲಿ ‘ಲೈಟನ್’ ಆರಿಸಿ. ಆದರೆ ಅದು ಕಪ್ಪು ಹಿನ್ನೆಲೆಗೆ ಮಾತ್ರ. ಆಕಾಶದೆದುರು ಹೊಗೆ ಬೇಕಾದವರು ಮೊಬೈಲ್ ಕೆಳಗಿಡುವುದು ಒಳ್ಳೆಯದು.

ಹಾಗಾಗಿ ಚಿತ್ರ ನೋಡಿ ನಿರ್ಧರಿಸಿ. ಹಿನ್ನೆಲೆ ಇಡೀ ಕತ್ತಲು, ಹೊಗೆಗೆ ಬೆಳಕಿದೆ: ಸ್ಕ್ರೀನ್. ಹಿನ್ನೆಲೆ ಇಡೀ ಬೆಳಕು, ಬೇಕಾದದ್ದು ಕರಿಹೊಗೆ: ಮಲ್ಟಿಪ್ಲೈ. ಹಿನ್ನೆಲೆ ಮಿಶ್ರ, ಅಥವಾ ಹೊಗೆಯ ಬಣ್ಣವನ್ನು ನೀವೇ ಆರಿಸಬೇಕು: ಮಾಸ್ಕ್, ಬೇರೆ ಮಾತಿಲ್ಲ. ಗಿರಾಕಿ ಒಂದು ಗಂಟೆಯಲ್ಲಿ ಕೇಳಿದ್ದಾನೆ, ಹಿನ್ನೆಲೆಯಲ್ಲಿ ಕಾಪಾಡಬೇಕಾದ ಮುಖವಾಗಲಿ ಕಟ್ಟಡವಾಗಲಿ ಇಲ್ಲ: ಎಐ ಮಾಡಿಕೊಡಲಿ. ಇನ್ನೂ ಚಿತ್ರ ತೆಗೆದೇ ಇಲ್ಲ ಎಂದಾದರೆ ಒಲೆ ಉರಿಯುವ ದಿನ ಹೋಗಿ ತೆಗೆಯಿರಿ. ಈ ಬರಹದ ಅಗತ್ಯವೇ ಬೀಳುವುದಿಲ್ಲ.

ಅಚ್ಚಿಗೆ ಕಳಿಸುವ ಮುನ್ನ ಒಂದು ಪ್ರೂಫ್ ತೆಗೆಸಿ. ಪರದೆಯ ಮೇಲೆ ನವಿರಾಗಿ ಕಾಣುವ ಹೊಗೆ ಪತ್ರಿಕೆಯ ಕಾಗದದಲ್ಲಿ ಶಾಯಿ ಹೀರಿಕೊಂಡು ನಡುಬಣ್ಣಗಳು ಗಾಢವಾಗುವುದರಿಂದ ಕೊಳೆಯಂತೆ ಕಾಣಬಹುದು, ಅತಿ ತೆಳು ಎಳೆಗಳು ಆಕಾಶದಲ್ಲಿ ಅಚ್ಚಾಗದೆಯೇ ಹೋಗಬಹುದು. ಪತ್ರಿಕೆಗಾದರೆ ಹೊಗೆಗೂ ಹಿನ್ನೆಲೆಗೂ ಇರುವ ಅಂತರವನ್ನು ಪರದೆಯಲ್ಲಿ ಸರಿ ಅನ್ನಿಸುವುದಕ್ಕಿಂತ ತುಸು ಹೆಚ್ಚಿಸಿ, ನಡುಬಣ್ಣವನ್ನು ತುಸು ಎತ್ತಿ ಕಳಿಸಿ. ಫ್ಲೆಕ್ಸ್‌ಗೆ ಈ ಚಿಂತೆ ಕಡಿಮೆ, ಅದನ್ನು ದೂರದಿಂದ ನೋಡುತ್ತಾರೆ. ಅಲ್ಲಿ ನೂಲಿನಂಥ ಎಳೆಗಳಿಗಿಂತ ಹೊಗೆಯ ಒಟ್ಟು ಆಕಾರಕ್ಕೆ ಗಮನ ಕೊಟ್ಟರೆ ಸಾಕು. ಲೇಯರ್‌ಗಳಿರುವ ಕಡತವನ್ನು ಮಾತ್ರ ಅಳಿಸಬೇಡಿ, ಎರಡನೇ ಪ್ರೂಫ್ ಕೇಳಿಯೇ ಕೇಳುತ್ತಾರೆ.